ಜೈವಿಕ ಮುದ್ರಣದಲ್ಲಿ ಹೈಡ್ರೊಜೆಲ್‌ಗಳು: ಸಾಮರ್ಥ್ಯವನ್ನು ಅಳೆಯುವ ಬಗೆ

2019ರ ಏಪ್ರಿಲ್ ತಿಂಗಳಿನಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಟಾಲ್ ಡ್ವಿರ್ ಮತ್ತು ಅವರ ಸಂಗಡಿಗರು ಮಾನವ ಜೀವಕೋಶಗಳನ್ನು ಬಳಸಿ ಮುದ್ರಿಸಿದ ಪುಟ್ಟ ಹೃದಯವೊಂದನ್ನು ಜಗತ್ತಿಗೆ ತೋರಿಸಿದರು. ಮೊಲದ ಹೃದಯದಷ್ಟು ಗಾತ್ರದ ಆ ರಚನೆಯಲ್ಲಿ ಕೋಣೆಗಳಿದ್ದವು, ರಕ್ತನಾಳಗಳಿದ್ದವು. ಉದರದೊಳಗಿನ ಕೊಬ್ಬಿನ ಪದರದಿಂದ ತೆಗೆದ ಕೋಶಗಳನ್ನು ಆಕರಕೋಶಗಳ ಸ್ಥಿತಿಗೆ ಮರಳಿಸಿ, ಅವುಗಳಿಂದ ಹೃದಯದ ಕೋಶಗಳನ್ನು ಬೆಳೆಸಲಾಗಿತ್ತು. ಅದೇ ಪದರದ ಕೋಶರಹಿತ ಭಾಗವನ್ನು ಲೋಳೆಯಂತಹ ಜೆಲ್ ಆಗಿ ಮಾರ್ಪಡಿಸಿ, ಕೋಶಗಳನ್ನು ಅದರಲ್ಲಿ ಬೆರೆಸಿ ಮುದ್ರಿಸಲಾಗಿತ್ತು. ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಹಬ್ಬಿತು. ಆದರೆ ಆ ಹೃದಯ ರಕ್ತವನ್ನು ಪಂಪು ಮಾಡುತ್ತಿರಲಿಲ್ಲ. ಅದರ ಕೋಶಗಳು ಸಂಕುಚಿಸಬಲ್ಲವಾಗಿದ್ದರೂ ಒಗ್ಗೂಡಿ ಮಿಡಿಯುವುದನ್ನು ಇನ್ನೂ ಕಲಿಯಬೇಕಾಗಿತ್ತು. ಈ ಮಿತಿಯನ್ನು ಸಂಶೋಧಕರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಸುದ್ದಿಯ ವೇಗದಲ್ಲಿ ಅದು ಹಿಂದೆ ಉಳಿಯಿತು.

ಆಕಾರ ದೊರೆತು ಕಾರ್ಯ ದೊರೆಯದ ಈ ಸ್ಥಿತಿ ಒಂದು ಪ್ರಯೋಗಾಲಯಕ್ಕೆ ಸೀಮಿತವಾದುದಲ್ಲ. ಜೈವಿಕ ಮುದ್ರಣವೆಂಬ ಕ್ಷೇತ್ರದ ಬಹುಪಾಲು ಫಲಿತಾಂಶಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕಾಗುತ್ತದೆ. ಮುದ್ರಣಯಂತ್ರ ಎಷ್ಟೇ ನಿಖರವಾಗಿರಲಿ, ಮುದ್ರಿಸಿದ ಅಂಗಾಂಶ ಬದುಕುವುದು ಅಥವಾ ಸಾಯುವುದು ಕೋಶಗಳನ್ನು ಹೊತ್ತು ತರುವ ಹೈಡ್ರೊಜೆಲ್‌ನ ಗುಣವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹಾಗಾದರೆ ಒಂದು ಹೈಡ್ರೊಜೆಲ್ ಒಳ್ಳೆಯದೆಂದು ಹೇಳುವುದು ಹೇಗೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರದಲ್ಲಿ ಮಾತ್ರ ಒಂದಕ್ಕೊಂದು ಎದುರಾಗಿ ಎಳೆಯುವ ಹಲವು ಅಳತೆಗಳಿವೆ.

ನೀರನ್ನು ಹಿಡಿದಿಡುವ ಬಲೆ

ಕಾಮಕಸ್ತೂರಿಯ ಬೀಜಗಳನ್ನು ನೀರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪ್ರತಿಯೊಂದು ಬೀಜದ ಸುತ್ತಲೂ ಪಾರದರ್ಶಕವಾದ ಲೋಳೆಯ ಕವಚ ಮೂಡುತ್ತದೆ. ಆ ಕವಚದ ಹೆಚ್ಚಿನ ಭಾಗ ನೀರೇ. ಆದರೂ ಅದು ಹರಿದುಹೋಗುವುದಿಲ್ಲ. ಸಕ್ಕರೆಯ ಅಣುಗಳು ಸಾಲುಗೂಡಿ ಆದ ಉದ್ದನೆಯ ಸರಪಳಿಗಳು ಅದನ್ನು ಹಿಡಿದಿಟ್ಟಿರುತ್ತವೆ. ಹೈಡ್ರೊಜೆಲ್ ಎಂದರೆ ಇಂತಹುದೇ ರಚನೆ. ನೀರನ್ನು ಪ್ರೀತಿಸುವ ಪಾಲಿಮರ್ ಸರಪಳಿಗಳು ಅಲ್ಲಲ್ಲಿ ಅಡ್ಡಬಂಧಗಳಿಂದ ಹೆಣೆದುಕೊಂಡು ಬಲೆಯಾಗುತ್ತವೆ, ಆ ಬಲೆಯೊಳಗೆ ನೀರು ಸಿಕ್ಕಿಕೊಂಡಿರುತ್ತದೆ. ನಮ್ಮ ದೇಹದಲ್ಲಿ ಕೋಶಗಳ ನಡುವೆ ಇರುವ ಪದಾರ್ಥವೂ ಸ್ವಭಾವದಲ್ಲಿ ಇದಕ್ಕೆ ಹತ್ತಿರದ್ದು. ಕೋಶಗಳಿಗೆ ಹೈಡ್ರೊಜೆಲ್ ಒಗ್ಗುವುದಕ್ಕೆ ಇದೇ ಕಾರಣ.

ವೈದ್ಯಕೀಯದಲ್ಲಿ ಹೈಡ್ರೊಜೆಲ್‌ನ ಕಥೆ ಮುದ್ರಣಕ್ಕಿಂತ ಹಳೆಯದು. ಜೆಕೊಸ್ಲೊವಾಕಿಯದ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ 1960ರಲ್ಲಿ ಜೈವಿಕ ಬಳಕೆಗೆ ತಕ್ಕ ಹೈಡ್ರೊಜೆಲ್‌ಗಳ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. 1961ರ ಕ್ರಿಸ್‌ಮಸ್ ಸಮಯದಲ್ಲಿ ವಿಖ್ಟರ್ಲೆ ಮಕ್ಕಳ ಆಟದ ಜೋಡಣೆಯ ತುಣುಕುಗಳಿಂದ ಮನೆಯಲ್ಲಿಯೇ ಯಂತ್ರವೊಂದನ್ನು ಕಟ್ಟಿ ಮೃದು ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ಎರಕ ಹೊಯ್ದರು. 1980ರಲ್ಲಿ ಲಿಮ್ ಮತ್ತು ಸನ್ ಎಂಬಿಬ್ಬರು ಇನ್ಸುಲಿನ್ ಸ್ರವಿಸುವ ಕೋಶಗುಚ್ಛಗಳನ್ನು ಆಲ್ಜಿನೇಟ್ ಜೆಲ್‌ನ ಸೂಕ್ಷ್ಮ ಗುಳಿಗೆಗಳಲ್ಲಿಟ್ಟು ಮಧುಮೇಹವಿರುವ ಇಲಿಗಳಿಗೆ ಸೇರಿಸಿದರು. ಇಲಿಗಳ ರಕ್ತದ ಸಕ್ಕರೆ ಎರಡು ಮೂರು ವಾರಗಳ ಕಾಲ ಹತೋಟಿಯಲ್ಲಿತ್ತು. (ಈ ಲಿಮ್ ಬೇರೆ, ಜೆಕ್ ವಿಜ್ಞಾನಿ ಬೇರೆ.) ಜೆಲ್‌ನೊಳಗೆ ಕೋಶ ಬದುಕಬಲ್ಲದು, ಕೆಲಸವನ್ನೂ ಮಾಡಬಲ್ಲದು ಎಂಬುದು ಹೀಗೆ ತಿಳಿಯಿತು.

ಮುದ್ರಣದ ಎಳೆ ಬೇರೆ ಕಡೆಯಿಂದ ಬಂದಿತು. ಅಮೆರಿಕದ ರಾಬರ್ಟ್ ಕ್ಲೀಬ್ 1988ರಲ್ಲಿ ಕಚೇರಿಯಲ್ಲಿ ಬಳಸುವ ಇಂಕ್‌ಜೆಟ್ ಮುದ್ರಣಯಂತ್ರದಿಂದ ಕೋಶಗಳು ಅಂಟಿಕೊಳ್ಳುವ ಪ್ರೋಟೀನನ್ನು ಬೇಕಾದ ವಿನ್ಯಾಸದಲ್ಲಿ ಅಚ್ಚೊತ್ತಿ ತೋರಿಸಿದರು. 2003ರ ಹೊತ್ತಿಗೆ ಕ್ಲೆಮ್ಸನ್ ವಿಶ್ವವಿದ್ಯಾಲಯದ ಥಾಮಸ್ ಬೋಲೆಂಡ್ ಮೊದಲಾದವರು ಜೀವಂತ ಕೋಶಗಳನ್ನೇ ಮುದ್ರಿಸತೊಡಗಿದ್ದರು. ಈಗ ಹೆಚ್ಚು ಬಳಕೆಯಲ್ಲಿರುವುದು ಇಂಕ್‌ಜೆಟ್ ಅಲ್ಲ, ಸೂಜಿಯ ಮೂಲಕ ಜೆಲ್ಲನ್ನು ಒತ್ತಿ ಎಳೆಎಳೆಯಾಗಿ ಹಾಕುವ ವಿಧಾನ. ಚಕ್ಕುಲಿಯ ಒರಳನ್ನು ಕಂಡವರಿಗೆ ಇದರ ತತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ. ಹಿಟ್ಟು ತೀರ ಮೆದುವಾದರೆ ಮುಳ್ಳು ನಿಲ್ಲುವುದಿಲ್ಲ, ಗಟ್ಟಿಯಾದರೆ ಒತ್ತುವ ಕೈ ಸೋಲುತ್ತದೆ, ಎಳೆ ತುಂಡಾಗುತ್ತದೆ. ಹಿಟ್ಟಿನೊಳಗೆ ಪ್ರತಿ ಮಿಲಿಲೀಟರಿಗೆ ಹತ್ತು ಲಕ್ಷದಿಂದ ಒಂದು ಕೋಟಿಯಷ್ಟು ಜೀವಂತ ಕೋಶಗಳಿವೆ, ಅವು ಒರಳಿನಿಂದ ಹೊರಬಂದ ಮೇಲೂ ಬದುಕಿರಬೇಕು ಎಂಬ ನಿಬಂಧನೆಯನ್ನು ಸೇರಿಸಿಕೊಂಡರೆ ಜೈವಿಕ ಮುದ್ರಣದ ಕಷ್ಟ ಅರ್ಥವಾಗುತ್ತದೆ.

ಹರಿಯಬೇಕು, ನಿಲ್ಲಲೂ ಬೇಕು

ಹೈಡ್ರೊಜೆಲ್‌ನ ಮೊದಲ ಪರೀಕ್ಷೆ ನಡೆಯುವುದು ಮುದ್ರಣಕ್ಕೆ ಮುನ್ನ, ರಿಯೋಮೀಟರ್ ಎಂಬ ಉಪಕರಣದಲ್ಲಿ. ಎರಡು ತಟ್ಟೆಗಳ ನಡುವೆ ಜೆಲ್ಲನ್ನಿಟ್ಟು ಒಂದು ತಟ್ಟೆಯನ್ನು ತಿರುಗಿಸಿದಾಗ ಅದು ಒಡ್ಡುವ ಪ್ರತಿರೋಧವನ್ನು ಈ ಉಪಕರಣ ಅಳೆಯುತ್ತದೆ. ಇದರಿಂದ ಮುಖ್ಯವಾಗಿ ಮೂರು ಸಂಗತಿಗಳು ತಿಳಿಯುತ್ತವೆ. ವೇಗವಾಗಿ ತಿರುಗಿಸಿದಷ್ಟೂ ಜೆಲ್‌ನ ಸ್ನಿಗ್ಧತೆ ಕಡಿಮೆಯಾಗುವುದೇ ಎಂಬುದು ಮೊದಲನೆಯದು. ಮುದ್ರಣಕ್ಕೆ ಈ ಗುಣ ಬೇಕೇ ಬೇಕು. ಸೂಜಿಯೊಳಗೆ ತೆಳುವಾಗಿ ಹರಿದು ಹೊರಬಂದೊಡನೆ ಮತ್ತೆ ದಪ್ಪವಾಗುವ ಪದಾರ್ಥ ಮಾತ್ರ ಎಳೆಯಾಗಿ ನಿಲ್ಲಬಲ್ಲದು. ಎಷ್ಟು ಬಲ ಹಾಕಿದ ಮೇಲೆ ಅದು ಹರಿಯತೊಡಗುತ್ತದೆ ಎಂಬುದು ಎರಡನೆಯದು. ಹಲ್ಲುಜ್ಜುವ ಪೇಸ್ಟು ಕೊಳವೆಯನ್ನು ತಲೆಕೆಳಗೆ ಹಿಡಿದರೂ ಬೀಳುವುದಿಲ್ಲ, ಒತ್ತಿದರೆ ಬರುತ್ತದೆ. ಈ ಹೊಸ್ತಿಲಿನ ಬಲವನ್ನು ಮೀರದೆ ಅದು ಜಗ್ಗದು. ಮೂರನೆಯದು, ಒತ್ತಡ ನಿಂತ ಮೇಲೆ ಜೆಲ್ ತನ್ನ ಗಟ್ಟಿತನವನ್ನು ಎಷ್ಟು ಕ್ಷಣಗಳಲ್ಲಿ ಮರಳಿ ಪಡೆಯುತ್ತದೆ ಎಂಬುದು.

ಹೊಸ್ತಿಲಿನ ಬಲಕ್ಕೆ ಇನ್ನೊಂದು ಮಹತ್ವವಿದೆ, ಅದು ಹಲವು ವೇಳೆ ಗಮನಕ್ಕೆ ಬಾರದೆ ಹೋಗುತ್ತದೆ. ದೊಡ್ಡ ರಚನೆಯನ್ನು ಮುದ್ರಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕೋಶಗಳು ಸಿರಿಂಜಿನಲ್ಲಿ ಕಾಯುತ್ತಿರುತ್ತವೆ. ಜೆಲ್ ತೀರ ತೆಳುವಾಗಿದ್ದರೆ ಕೋಶಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ಮೊದಲು ಮುದ್ರಿತವಾದ ಪದರಗಳಲ್ಲಿ ಕೋಶಗಳು ಕಿಕ್ಕಿರಿದು ಕೊನೆಯ ಪದರಗಳು ಬರಿದಾಗಬಹುದು. ಮೇಲುನೋಟಕ್ಕೆ ಎಲ್ಲ ಪದರಗಳೂ ಒಂದೇ ಬಗೆಯಾಗಿ ಕಾಣುವುದರಿಂದ ಈ ದೋಷವನ್ನು ಕಣ್ಣು ಹಿಡಿಯಲಾರದು.

ಇಷ್ಟೆಲ್ಲ ಅಳತೆಗಳನ್ನು ಯಾವ ಸ್ಥಿತಿಯ ಜೆಲ್ ಮೇಲೆ ಮಾಡಲಾಗಿದೆ ಎಂಬುದೂ ಮುಖ್ಯ. ಕಂದು ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್ ಈ ಕ್ಷೇತ್ರದಲ್ಲಿ ಬಹಳ ಬಳಕೆಯಾಗುವ ಪದಾರ್ಥ. ಅದರ ಸರಪಳಿಯಲ್ಲಿ ಗುಲ್ಯುರೊನಿಕ್ ಮತ್ತು ಮ್ಯಾನ್ಯುರೊನಿಕ್ ಎಂಬ ಎರಡು ಆಮ್ಲಗಳ ಘಟಕಗಳಿವೆ. ಕ್ಯಾಲ್ಸಿಯಮ್ ಅಯಾನುಗಳು ಮುಖ್ಯವಾಗಿ ಗುಲ್ಯುರೊನಿಕ್ ಘಟಕಗಳ ಸಾಲುಗಳ ನಡುವೆ, ಮೊಟ್ಟೆಗಳು ತಟ್ಟೆಯ ಗುಳಿಗಳಲ್ಲಿ ಕುಳಿತಂತೆ, ಕುಳಿತು ಸರಪಳಿಗಳನ್ನು ಬಿಗಿಯುತ್ತವೆ. ಎರಡು ಘಟಕಗಳ ಪ್ರಮಾಣ ಕಡಲಕಳೆಯ ಜಾತಿಯಿಂದ ಜಾತಿಗೆ ಬೇರೆ. ಸರಪಳಿಯ ಉದ್ದವೂ ತಯಾರಿಕೆಯಿಂದ ತಯಾರಿಕೆಗೆ ಬೇರೆ. ಹೀಗಿರುವಾಗ 'ಶೇಕಡಾ 3ರ ಆಲ್ಜಿನೇಟ್' ಎಂದಷ್ಟೇ ವರದಿ ಮಾಡಿದರೆ 'ಒಂದು ಸೇರು ಧಾನ್ಯ' ಎಂದಂತಾಗುತ್ತದೆ. ರಾಗಿಯೋ ಜೋಳವೋ ತಿಳಿಯದು. ಇನ್ನೂ ಒಂದು ಅಂಶವಿದೆ. ಕೋಶಗಳನ್ನು ಬೆರೆಸುವ ಮುನ್ನ ಜೆಲ್ಲನ್ನು ಕ್ರಿಮಿರಹಿತಗೊಳಿಸಬೇಕು. ಆಟೋಕ್ಲೇವ್‌ನಲ್ಲಿ ಕಾಯಿಸಿದಾಗ ಆಲ್ಜಿನೇಟ್ ಸರಪಳಿಗಳು ತುಂಡಾಗಿ ಸ್ನಿಗ್ಧತೆ ಇಳಿಯುತ್ತದೆ. ಕಾಯಿಸುವ ಮುನ್ನ ಅಳೆದ ಅಂಕಿಗಳು ಮುದ್ರಣದ ಹೊತ್ತಿಗೆ ನಿಜವಾಗಿ ಉಳಿದಿರುವುದಿಲ್ಲ. ಕೋಶಗಳನ್ನು ಬೆರೆಸಿದ ಮೇಲಂತೂ ಅಂಕಿಗಳು ಇನ್ನೊಮ್ಮೆ ಬದಲಾಗುತ್ತವೆ.

ಆಕಾರದ ಪರೀಕ್ಷೆ ಮತ್ತು ಅದರ ಕುರುಡುತನ

ಎರಡನೆಯ ಹಂತದ ಪರೀಕ್ಷೆ ಮುದ್ರಿತವಾದ ಆಕಾರವನ್ನು ಕುರಿತದ್ದು. ವಿನ್ಯಾಸದಲ್ಲಿದ್ದಂತೆ ಎಳೆಗಳು ಬಿದ್ದಿವೆಯೇ ಎಂಬುದನ್ನು ನೋಡಲು ಸಾಮಾನ್ಯವಾಗಿ ಜಾಲರಿಯೊಂದನ್ನು ಮುದ್ರಿಸುತ್ತಾರೆ. ಕೆಳಗಿನ ಎಳೆಗಳು ಒಂದು ದಿಕ್ಕಿನಲ್ಲಿ, ಮೇಲಿನವು ಅದಕ್ಕೆ ಅಡ್ಡವಾಗಿ. ನಡುವೆ ಚೌಕಾಕಾರದ ಕಿಂಡಿಗಳು. ಜೆಲ್ ತೀರ ಮೆದುವಾಗಿದ್ದರೆ ಎಳೆಗಳು ಕೂಡುವಲ್ಲಿ ಒಂದರೊಳಗೊಂದು ಕರಗಿ ಕಿಂಡಿ ದುಂಡಗಾಗುತ್ತದೆ. ಅತಿಯಾಗಿ ಗಟ್ಟಿಯಾಗಿದ್ದರೆ ಎಳೆ ಅಂಕುಡೊಂಕಾಗಿ ಕಿಂಡಿಯ ಅಂಚು ಹರಕುಹರಕಾಗುತ್ತದೆ.

ಇದನ್ನು ಅಂಕಿಗೆ ಇಳಿಸಲು ಲಿಲಿಯಾಂಗ್ ಔಯಾಂಗ್ ಮತ್ತು ಸಂಗಡಿಗರು 2016ರಲ್ಲಿ ಸರಳವಾದ ಸೂತ್ರವೊಂದನ್ನು ಮುಂದಿಟ್ಟರು. ಕಿಂಡಿಯ ಸುತ್ತಳತೆಯ ವರ್ಗವನ್ನು ಅದರ ವಿಸ್ತೀರ್ಣದ 16 ಪಟ್ಟಿನಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಮುದ್ರಣಾರ್ಹತೆಯ ಸೂಚಿ. ಪರಿಪೂರ್ಣ ಚೌಕಕ್ಕೆ ಇದು 1. ಪೂರ್ತಿ ವೃತ್ತಕ್ಕೆ 0.785, ಹರಕು ಅಂಚಿನ ಕಿಂಡಿಗೆ 1ಕ್ಕಿಂತ ಹೆಚ್ಚು. ಜೆಲಟಿನ್ ಮತ್ತು ಆಲ್ಜಿನೇಟ್ ಮಿಶ್ರಣದಲ್ಲಿ ಭ್ರೂಣದ ಆಕರಕೋಶಗಳನ್ನು ಮುದ್ರಿಸಿದ ಆ ಅಧ್ಯಯನದಲ್ಲಿ 0.9ರಿಂದ 1.1ರವರೆಗಿನ ಬೆಲೆಯನ್ನು ಒಪ್ಪತಕ್ಕದ್ದೆಂದು ಪರಿಗಣಿಸಲಾಯಿತು. ಸುಲಭವಾಗಿದ್ದುದರಿಂದ ಈ ಸೂಚಿ ಬಹುಬೇಗ ಜನಪ್ರಿಯವಾಯಿತು. ಸೂಕ್ಷ್ಮದರ್ಶಕದ ಒಂದು ಚಿತ್ರ ಸಾಕು, ಅಂಕಿ ಕೈಗೆ ಬರುತ್ತದೆ.

ಈ ಸುಲಭತೆಯಲ್ಲಿಯೇ ಅಪಾಯವೂ ಇದೆ. ಸೂಚಿ ಅಳೆಯುವುದು ಕಿಂಡಿಯ ರೂಪವನ್ನು, ಗಾತ್ರವನ್ನಲ್ಲ. ಸೂಜಿಯ ವ್ಯಾಸ ಕಾಲು ಮಿಲಿಮೀಟರ್ ಇದ್ದು, ಹೊರಬಿದ್ದ ಎಳೆ ಅರ್ಧ ಮಿಲಿಮೀಟರಿಗೆ ಹರಡಿಕೊಂಡರೂ ಕಿಂಡಿ ಚೌಕವಾಗಿಯೇ ಉಳಿದರೆ ಸೂಚಿ 1 ಎಂದೇ ಹೇಳುತ್ತದೆ. ವಿನ್ಯಾಸದ ದೃಷ್ಟಿಯಿಂದ ಆ ಮುದ್ರಣ ಕೆಟ್ಟಿರುತ್ತದೆ. ಆದ್ದರಿಂದ ಎಳೆಯ ಅಗಲಕ್ಕೂ ಸೂಜಿಯ ವ್ಯಾಸಕ್ಕೂ ಇರುವ ಅನುಪಾತವನ್ನು ಜೊತೆಗೆ ಕೊಡದೆ ಈ ಸೂಚಿಯನ್ನು ಮಾತ್ರ ಉಲ್ಲೇಖಿಸುವುದು ಅರ್ಧ ಸತ್ಯ. ಚಿತ್ರವನ್ನು ಮೇಲಿನಿಂದ ತೆಗೆಯುವುದರಿಂದ ಎತ್ತರದಲ್ಲಿ ಆಗುವ ಕುಸಿತವೂ ಲೆಕ್ಕಕ್ಕೆ ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಇನ್ನೊಂದು ಪರೀಕ್ಷೆ ರೂಢಿಗೆ ಬಂದಿದೆ. 1, 2, 4, 8 ಮತ್ತು 16 ಮಿಲಿಮೀಟರ್ ಅಂತರಗಳಲ್ಲಿ ನಿಲ್ಲಿಸಿದ ಪುಟ್ಟ ಕಂಬಗಳ ಮೇಲೆ ಒಂದೇ ಎಳೆಯನ್ನು ಹಾಸಿ, ಅದು ಎಲ್ಲಿಯವರೆಗೆ ಸೇತುವೆಯಂತೆ ನಿಲ್ಲುತ್ತದೆ, ಎಲ್ಲಿ ಜೋತು ಬೀಳುತ್ತದೆ, ಎಲ್ಲಿ ಹರಿಯುತ್ತದೆ ಎಂದು ನೋಡುವುದು. ಹೆಚ್ಚು ಖರ್ಚಿಲ್ಲದ, ಯಾವ ಪ್ರಯೋಗಾಲಯದಲ್ಲಾದರೂ ಮಾಡಬಹುದಾದ ಒಳ್ಳೆಯ ಪರೀಕ್ಷೆ ಇದು.

ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ಹಲ್ಲುಜ್ಜುವ ಪೇಸ್ಟು ಈ ಪರೀಕ್ಷೆಗಳನ್ನು ಸೊಗಸಾಗಿ ಮುಗಿಸಬಲ್ಲದು. ಪೊಲಾಕ್ಸಮರ್ 407 ಎಂಬ ಕೃತಕ ಪಾಲಿಮರಿನ ಜೆಲ್ ಬಹಳ ಚೆನ್ನಾಗಿ ಮುದ್ರಿತವಾಗುತ್ತದೆ. ಆದರೆ ಅದರಲ್ಲಿ ಕೋಶಗಳು ದೀರ್ಘಕಾಲ ಬಾಳುವುದಿಲ್ಲ. ಅದನ್ನು ತಂಪುಗೊಳಿಸಿ ಕರಗಿಸಿ ತೆಗೆದುಬಿಡುವ ತಾತ್ಕಾಲಿಕ ಆಧಾರವಾಗಿ ಬಳಸುವುದೇ ಹೆಚ್ಚು. ಇದಕ್ಕೆ ವಿರುದ್ಧವಾದ ನಿದರ್ಶನ ಕೊಲಾಜೆನ್. ದೇಹದ ತನ್ನದೇ ಪ್ರೋಟೀನಾದ ಕೊಲಾಜೆನ್ ಕೋಶಗಳಿಗೆ ತವರಿನಂತೆ; ಆದರೆ ತೆಳುವಾಗಿ ಹರಿದು ನಿಧಾನವಾಗಿ ಗಟ್ಟಿಯಾಗುವುದರಿಂದ ಆಕಾರದ ಪರೀಕ್ಷೆಯಲ್ಲಿ ಸೋಲುತ್ತದೆ. ಈ ಎರಡು ತುದಿಗಳ ನಡುವಿನ ಇಕ್ಕಟ್ಟಾದ ಅವಕಾಶವನ್ನು ಯೋಸ್ ಮಾಲ್ಡ ಮತ್ತು ಸಹಲೇಖಕರು 2013ರ ತಮ್ಮ ವಿಮರ್ಶಾ ಲೇಖನದಲ್ಲಿ ಕಿಟಕಿಯೊಂದಕ್ಕೆ ಹೋಲಿಸಿದ್ದಾರೆ. ಪಾಲಿಮರ್ ಸಾಂದ್ರತೆಯನ್ನೂ ಅಡ್ಡಬಂಧಗಳನ್ನೂ ಹೆಚ್ಚಿಸಿದಂತೆ ಆಕಾರ ನಿಲ್ಲುತ್ತದೆ, ಕೋಶ ನಲುಗುತ್ತದೆ. ಕಡಿಮೆ ಮಾಡಿದರೆ ಕೋಶ ನಲಿಯುತ್ತದೆ, ಆಕಾರ ಕುಸಿಯುತ್ತದೆ.

ಕಿಟಕಿಯನ್ನು ಹಿಗ್ಗಿಸಿದವರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಮ್ ಫೈನ್‌ಬರ್ಗ್ ತಂಡ ಪ್ರಮುಖವಾದುದು. ಮೆದು ಜೆಲ್ಲನ್ನು ಗಾಳಿಯಲ್ಲಿ ಮುದ್ರಿಸುವ ಬದಲು, ಜೆಲಟಿನ್‌ನ ಸೂಕ್ಷ್ಮ ಕಣಗಳ ತೊಟ್ಟಿಯೊಳಗೆ ಸೂಜಿಯನ್ನು ಇಳಿಸಿ ಮುದ್ರಿಸುವ ವಿಧಾನವನ್ನು ಈ ತಂಡ 2015ರಲ್ಲಿ ಪ್ರಕಟಿಸಿತು. ಕಣಗಳು ಎಳೆಯನ್ನು ಸುತ್ತಲಿಂದ ಆತು ಹಿಡಿಯುತ್ತವೆ. ಮುದ್ರಣ ಮುಗಿದ ಮೇಲೆ 37 ಡಿಗ್ರಿಗೆ ಬೆಚ್ಚಗಾಗಿಸಿದರೆ ಜೆಲಟಿನ್ ಕರಗಿ ಹೋಗುತ್ತದೆ, ರಚನೆ ಉಳಿಯುತ್ತದೆ. 2019ರಲ್ಲಿ ಇದೇ ತಂಡ ಕೊಲಾಜೆನ್‌ನಿಂದ ಹೃದಯದ ಭಾಗಗಳನ್ನು 20 ಮೈಕ್ರೊಮೀಟರಿನಷ್ಟು ಸೂಕ್ಷ್ಮ ಎಳೆಗಳಲ್ಲಿ ಮುದ್ರಿಸಿ ತೋರಿಸಿತು. ಇದರಿಂದ ತಿಳಿಯುವುದೇನೆಂದರೆ, ಮುದ್ರಣಾರ್ಹತೆ ಎಂಬುದು ಜೆಲ್‌ನ ಸ್ವಂತ ಗುಣವಷ್ಟೇ ಅಲ್ಲ. ಜೆಲ್, ಯಂತ್ರ ಮತ್ತು ವಿಧಾನ ಮೂರೂ ಸೇರಿ ಹುಟ್ಟುವ ಗುಣ. ಒಂದು ವಿಧಾನದಲ್ಲಿ ನಪಾಸಾದ ಜೆಲ್ಲನ್ನು ಶಾಶ್ವತವಾಗಿ ತಳ್ಳಿಹಾಕುವುದು ತರವಲ್ಲ.

ಸೂಜಿಯೊಳಗಿನ ಪ್ರಯಾಣ

ಸೂಜಿಯೊಳಗೆ ಜೆಲ್ ಹರಿಯುವಾಗ ನಡುವಿನ ಭಾಗ ವೇಗವಾಗಿಯೂ ಗೋಡೆಗೆ ತಾಗಿದ ಭಾಗ ನಿಧಾನವಾಗಿಯೂ ಸಾಗುತ್ತದೆ. ಪದರದ ಮೇಲೆ ಪದರ ಉಜ್ಜಿಕೊಂಡು ಸಾಗುವ ಈ ಹರಿವಿನಲ್ಲಿ ಕೋಶದ ಪೊರೆ ಎಳೆತಕ್ಕೆ ಸಿಲುಕುತ್ತದೆ. ಇದನ್ನು ಷಿಯರ್ ಪೀಡನ ಎನ್ನುತ್ತಾರೆ. ಗೋಡೆಯ ಬಳಿ ಇದರ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ: ಒತ್ತಡವನ್ನು ಸೂಜಿಯ ತ್ರಿಜ್ಯದಿಂದ ಗುಣಿಸಿ ಉದ್ದದ ಎರಡರಷ್ಟರಿಂದ ಭಾಗಿಸಬೇಕು. 12.5 ಮಿಲಿಮೀಟರ್ ಉದ್ದ, ಕಾಲು ಮಿಲಿಮೀಟರ್ ಒಳವ್ಯಾಸದ ನೇರ ಸೂಜಿಗೆ 100 ಕಿಲೊಪ್ಯಾಸ್ಕಲ್ ಒತ್ತಡ ಹಾಕಿದರೆ ಗೋಡೆಯ ಬಳಿಯ ಪೀಡನ 500 ಪ್ಯಾಸ್ಕಲ್. ನಮ್ಮ ಅಪಧಮನಿಗಳ ಒಳಗೋಡೆಯ ಕೋಶಗಳು ರಕ್ತದ ಹರಿವಿನಿಂದ ಅನುಭವಿಸುವ ಪೀಡನ ಕೆಲವೇ ಪ್ಯಾಸ್ಕಲ್‌ಗಳಷ್ಟು ಎಂಬುದನ್ನು ನೆನೆದರೆ ಇದರ ತೀವ್ರತೆ ತಿಳಿಯುತ್ತದೆ. ಕೋಶ ಸೂಜಿಯಲ್ಲಿ ಇರುವುದು ಅಲ್ಪಕಾಲ ಮಾತ್ರ ಎಂಬುದೊಂದೇ ಸಮಾಧಾನ.

ಸೂಕ್ಷ್ಮವಾದ ಎಳೆ ಬೇಕೆಂದು ಸೂಜಿಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಏನಾಗುತ್ತದೆ? ನೀರಿನಂತಹ ಸರಳ ದ್ರವದಲ್ಲಿ ಅದೇ ಪ್ರಮಾಣದ ಹರಿವನ್ನು ಪಡೆಯಲು 16 ಪಟ್ಟು ಒತ್ತಡ ಬೇಕು, ಗೋಡೆಯ ಪೀಡನ 8 ಪಟ್ಟಾಗುತ್ತದೆ. ಹರಿದಾಗ ತೆಳುವಾಗುವ ಜೆಲ್‌ಗಳಲ್ಲಿ ಏರಿಕೆ ಇಷ್ಟು ಕಡಿದಾಗಿಲ್ಲದಿದ್ದರೂ ದಿಕ್ಕು ಅದೇ. ಆಂಡ್ರಿಯಾಸ್ ಬ್ಲೇಸರ್ ಮತ್ತು ಸಂಗಡಿಗರು 2016ರಲ್ಲಿ ಆಲ್ಜಿನೇಟ್‌ನಲ್ಲಿ ಮಾನವ ಆಕರಕೋಶಗಳನ್ನು ಮುದ್ರಿಸಿ ನಡೆಸಿದ ಅಧ್ಯಯನದಲ್ಲಿ, ಪೀಡನ 5 ಕಿಲೊಪ್ಯಾಸ್ಕಲ್‌ಗಿಂತ ಕಡಿಮೆಯಿದ್ದಾಗ ಶೇಕಡಾ 96ರಷ್ಟು ಕೋಶಗಳು ಉಳಿದರೆ, 10 ಕಿಲೊಪ್ಯಾಸ್ಕಲ್ ಮೀರಿದಾಗ ಉಳಿದವು ಶೇಕಡಾ 76. ಇದಕ್ಕೂ ಮೊದಲು, 2012ರಲ್ಲಿ, ಸ್ಟ್ಯಾನ್‌ಫರ್ಡ್‌ನ ಸಾರಾ ಹೈಲ್‌ಶಾರ್ನ್ ಅವರ ತಂಡ ಮತ್ತೊಂದು ಸೂಕ್ಷ್ಮವನ್ನು ಗುರುತಿಸಿತ್ತು. ಅಗಲವಾದ ಸಿರಿಂಜಿನಿಂದ ಕಿರಿದಾದ ಸೂಜಿಗೆ ಪ್ರವೇಶಿಸುವ ಬಾಯಿಯಲ್ಲಿ ಹರಿವು ಥಟ್ಟನೆ ವೇಗಗೊಂಡು ಕೋಶವನ್ನು ಹಿಗ್ಗಿಸಿ ಎಳೆಯುತ್ತದೆ. ಕೋಶಗಳ ಸಾವಿಗೆ ಈ ಎಳೆತವೇ ಮುಖ್ಯ ಕಾರಣ. ಅಡ್ಡಬಂಧಗಳಿಂದ ಹದವಾಗಿ ಹೆಣೆದ ಮೆದು ಆಲ್ಜಿನೇಟ್ ಕೋಶವನ್ನು ಈ ಎಳೆತದಿಂದ ಕಾಪಾಡಬಲ್ಲದು ಎಂಬುದೂ ಅಲ್ಲಿ ಕಂಡುಬಂದಿತು.

ಬದುಕುಳಿದ ಕೋಶಗಳನ್ನು ಎಣಿಸಲು ಎರಡು ಬಣ್ಣಗಳ ವಿಧಾನವಿದೆ. ಕ್ಯಾಲ್ಸೀನ್ ಎಂಬ ಬಣ್ಣದ ಪೂರ್ವರೂಪ ಜೀವಂತ ಕೋಶದ ಕಿಣ್ವಗಳಿಂದ ಒಡೆದು ಹಸಿರಾಗಿ ಹೊಳೆಯುತ್ತದೆ. ಇನ್ನೊಂದು ಬಣ್ಣ ಪೊರೆ ಹರಿದ ಕೋಶದೊಳಗೆ ಮಾತ್ರ ನುಗ್ಗಿ ಕೆಂಪಾಗಿ ತೋರುತ್ತದೆ. ಹಸಿರಿನ ಶೇಕಡಾವಾರು ಪ್ರಮಾಣವೇ ವರದಿಗಳಲ್ಲಿ ಎದ್ದು ಕಾಣುವ ಅಂಕಿ. ಆದರೆ ಸತ್ತ ಕೋಶಗಳೆಲ್ಲ ಕೆಂಪಾಗಿ ನಿಂತು ಸಾಕ್ಷಿ ಹೇಳುವುದಿಲ್ಲ. ಹಲವು ಒಡೆದು ತೊಳೆದುಹೋಗುತ್ತವೆ. ಹತ್ತು ಲಕ್ಷ ಕೋಶಗಳನ್ನು ಮುದ್ರಿಸಲಾಯಿತೆಂದು ಭಾವಿಸೋಣ. ಅವುಗಳಲ್ಲಿ ನಾಲ್ಕು ಲಕ್ಷ ಒಡೆದು ಕೊಚ್ಚಿಹೋಗಿ, ಉಳಿದ ಆರು ಲಕ್ಷದಲ್ಲಿ ಶೇಕಡಾ 95 ಹಸಿರಾಗಿ ಕಂಡರೆ, ವರದಿಯಲ್ಲಿ ಬರುವ ಅಂಕಿ 95. ನಿಜವಾಗಿ ಉಳಿದದ್ದು ನೂರಕ್ಕೆ 57 ಮಾತ್ರ. ಒಟ್ಟು ಡಿಎನ್ಎ ಪ್ರಮಾಣವನ್ನು ಅಳೆದು ಕೋಶಗಳ ಒಟ್ಟು ಸಂಖ್ಯೆಯನ್ನು ಜೊತೆಯಲ್ಲಿ ಕೊಟ್ಟರಷ್ಟೇ ಈ ವಂಚನೆ ತಪ್ಪುತ್ತದೆ.

ಕಾಲವೂ ಇಲ್ಲಿ ಮುಖ್ಯ. ಮುದ್ರಣದ ಆಘಾತಕ್ಕೆ ಸಿಲುಕಿದ ಕೋಶ ಆ ಕ್ಷಣದಲ್ಲಿಯೇ ಸಾಯಬೇಕೆಂದಿಲ್ಲ. ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ಆಂತರಿಕ ಪ್ರಕ್ರಿಯೆ ಗಂಟೆಗಳನ್ನೋ ದಿನಗಳನ್ನೋ ತೆಗೆದುಕೊಳ್ಳುತ್ತದೆ. ಮುದ್ರಣವಾದ ಒಂದು ಗಂಟೆಗೆ ತೆಗೆದ ಚಿತ್ರಕ್ಕಿಂತ ಒಂದನೆಯ, ಮೂರನೆಯ, ಏಳನೆಯ ದಿನದ ಚಿತ್ರಗಳಿಗೆ ಹೆಚ್ಚು ಬೆಲೆ. ಹೋಲಿಕೆಗಾಗಿ ಅದೇ ಜೆಲ್‌ನಲ್ಲಿ ಅದೇ ಕೋಶಗಳನ್ನು ಮುದ್ರಿಸದೆ ಸುಮ್ಮನೆ ಎರಕ ಹೊಯ್ದ ತುಂಡೂ ಇರಬೇಕು. ಅದಿಲ್ಲದಿದ್ದರೆ ಕೋಶಗಳನ್ನು ಕೊಂದದ್ದು ಸೂಜಿಯೋ ಜೆಲ್ಲೋ ತಿಳಿಯುವುದಿಲ್ಲ. ಇಷ್ಟು ಪ್ರಾಥಮಿಕವಾದ ನಿಯಂತ್ರಣ ಪ್ರಯೋಗವನ್ನು ಬಿಟ್ಟ ವರದಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ.

ವಾರಗಳ ನಂತರ

ಕೋಶ ಬದುಕಿದ್ದರೆ ಸಾಲದು, ತನ್ನ ಕೆಲಸ ಮಾಡಬೇಕು. ಇಲ್ಲಿ ಜೆಲ್‌ನ ಮೂರನೆಯ ಮತ್ತು ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಆಡಮ್ ಎಂಗ್ಲರ್, ಡೆನ್ನಿಸ್ ಡಿಶರ್ ಮೊದಲಾದವರು 2006ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ ಆಕರಕೋಶ ತಾನು ಕುಳಿತ ನೆಲದ ಗಟ್ಟಿತನವನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ಮಾರ್ಪಡುತ್ತದೆ. 1 ಕಿಲೊಪ್ಯಾಸ್ಕಲ್‌ವರೆಗಿನ ಮೆದು ನೆಲದಲ್ಲಿ ನರಕೋಶದ ಕಡೆಗೆ, 8ರಿಂದ 17ರಲ್ಲಿ ಸ್ನಾಯುವಿನ ಕಡೆಗೆ, 25ರಿಂದ 40ರಲ್ಲಿ ಮೂಳೆಯ ಕಡೆಗೆ ಅದು ವಾಲುತ್ತದೆ. ಆದ್ದರಿಂದ ಗಟ್ಟಿತನವನ್ನು ಕುರಿತು 'ಹೆಚ್ಚಿದ್ದಷ್ಟೂ ಒಳ್ಳೆಯದು' ಎನ್ನುವಂತಿಲ್ಲ. ಆ ಗಟ್ಟಿತನ ದಿನ ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದನ್ನೂ ನೋಡಬೇಕು. ಕೋಶಗಳಿಗೆ ಆಹಾರವಾಗುವ ಪೋಷಕ ದ್ರವದಲ್ಲಿರುವ ಸೋಡಿಯಮ್ ಮತ್ತು ಫಾಸ್ಫೇಟ್ ಅಯಾನುಗಳು ಆಲ್ಜಿನೇಟ್‌ನಿಂದ ಕ್ಯಾಲ್ಸಿಯಮನ್ನು ಮೆಲ್ಲನೆ ಕಸಿಯುತ್ತವೆ. ಅಡ್ಡಬಂಧ ಸಡಿಲಗೊಂಡು ಜೆಲ್ ಮೆದುವಾಗುತ್ತದೆ. ಜೆಲಟಿನ್ ಬೆರೆಸಿದ್ದರೆ ದೇಹದ ಉಷ್ಣತೆಯಲ್ಲಿ ಅದು ಕರಗಿ ಸೋರಿಹೋಗುತ್ತದೆ. ಮೊದಲ ದಿನದ ಅಳತೆ ಮೂರನೆಯ ವಾರಕ್ಕೆ ಅನ್ವಯಿಸದು. ಜೆಲಟಿನ್‌ಗೆ ಮೆಥಕ್ರಿಲಾಯ್ಲ್ ಗುಂಪುಗಳನ್ನು ಜೋಡಿಸಿ, ಬೆಳಕಿನಿಂದ ಶಾಶ್ವತ ಬಂಧಗಳನ್ನು ಮೂಡಿಸುವ ವಿಧಾನ ಇಷ್ಟು ವ್ಯಾಪಕವಾದುದಕ್ಕೆ ಇದೊಂದು ಕಾರಣ.

ಜೆಲ್‌ನ ಬಲೆಯ ಕಣ್ಣುಗಳು ಸಾಮಾನ್ಯವಾಗಿ ನ್ಯಾನೊಮೀಟರುಗಳ ಅಳತೆಯವು. ಆಮ್ಲಜನಕ, ಗ್ಲುಕೋಸ್ ನುಸುಳಬಲ್ಲವು. ಹತ್ತಿಪ್ಪತ್ತು ಮೈಕ್ರೊಮೀಟರಿನ ಕೋಶ ನುಸುಳಲಾರದು. ಕೋಶ ಹರಡಿಕೊಳ್ಳಬೇಕಾದರೆ ಬಲೆಯನ್ನು ಕತ್ತರಿಸಿ ದಾರಿ ಮಾಡಿಕೊಳ್ಳಬೇಕು. ಕೊಲಾಜೆನ್, ಜೆಲಟಿನ್‌ಗಳನ್ನು ಕತ್ತರಿಸುವ ಕಿಣ್ವಗಳು ನಮ್ಮ ಕೋಶಗಳಲ್ಲಿವೆ, ಆಲ್ಜಿನೇಟನ್ನು ಕತ್ತರಿಸುವ ಕಿಣ್ವ ಸಸ್ತನಿಗಳಲ್ಲಿಲ್ಲ. ಶುದ್ಧ ಆಲ್ಜಿನೇಟ್‌ನಲ್ಲಿ ಕೋಶಗಳು ದುಂಡಗೆ, ಒಂಟಿಯಾಗಿ ಉಳಿದುಬಿಡುವುದಕ್ಕೆ ಇದೂ, ಅಂಟಿಕೊಳ್ಳುವ ತಾಣಗಳಿಲ್ಲದಿರುವುದೂ ಕಾರಣ. ಅವು ಹಸಿರಾಗಿ ಹೊಳೆಯುತ್ತಲೇ ಇರುತ್ತವೆ. ಅಂಗಾಂಶವಾಗುವುದಿಲ್ಲ.

ರೇಷ್ಮೆಯ ಉದಾಹರಣೆ ಕರ್ನಾಟಕದ ಓದುಗರಿಗೆ ಹತ್ತಿರವಾದದ್ದು. ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಯಲ್ಲಿ ದೇಶಕ್ಕೇ ಮುಂದಿರುವ ಈ ರಾಜ್ಯದ ಗೂಡುಗಳಲ್ಲಿರುವ ಫೈಬ್ರಾಯಿನ್ ಪ್ರೋಟೀನ್ ಮುದ್ರಣಕ್ಕೂ ಉಪಯುಕ್ತ. ಗೂಡನ್ನು ಸೋಡಿಯಮ್ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆದು, ನೂಲನ್ನು ಲಿಥಿಯಮ್ ಬ್ರೋಮೈಡ್‌ನಲ್ಲಿ ಕರಗಿಸಿದರೆ ಫೈಬ್ರಾಯಿನ್ ದ್ರಾವಣ ಸಿಗುತ್ತದೆ. ದೆಹಲಿಯ ಐಐಟಿಯ ಸೌರಭ್ ಘೋಷ್ ಮತ್ತು ಸಂಗಡಿಗರು ಇದನ್ನು ಜೆಲಟಿನ್‌ನೊಂದಿಗೆ ಬೆರೆಸಿ ಕೋಶಗಳನ್ನು ಮುದ್ರಿಸಿದ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಆದರೆ ಉಜ್ಜುವ ಹರಿವಿಗೆ ಸಿಕ್ಕಿದ ಫೈಬ್ರಾಯಿನ್ ಸರಪಳಿಗಳು ಹುಳುವಿನ ನೂಲುಗ್ರಂಥಿಯಲ್ಲಿ ಆಗುವಂತೆಯೇ ಹಾಳೆಹಾಳೆಯಾಗಿ ಜೋಡಿಸಿಕೊಂಡು ಗಟ್ಟಿಯಾಗಬಲ್ಲವು, ಸೂಜಿ ಕಟ್ಟಿಕೊಳ್ಳಬಹುದು. ಹುಳುವಿಗೆ ವರವಾದ ಗುಣ ಮುದ್ರಣಯಂತ್ರಕ್ಕೆ ತೊಡಕು. ಹಿಪ್ಪುನೇರಳೆ ರೇಷ್ಮೆಯ ಫೈಬ್ರಾಯಿನ್‌ನಲ್ಲಿ ಕೋಶಗಳು ಹಿಡಿದುಕೊಳ್ಳುವ ವಿಶಿಷ್ಟ ಅಮೈನೊ ಆಮ್ಲಗಳ ಸರಣಿ ಇಲ್ಲ, ಟಸ್ಸರ್ ರೇಷ್ಮೆಯಲ್ಲಿ ಇದೆ ಎಂಬುದು ಇನ್ನೊಂದು ವಿಶೇಷ. ಒಂದೇ ಹೆಸರಿನ ಪದಾರ್ಥವನ್ನು ಒಂದೇ ಎಂದು ಬಗೆಯಲಾಗದು.

ಯಾವ ಅಂಗಾಂಶಕ್ಕೆ ಜೆಲ್ ಬೇಕಾಗಿದೆ ಎಂಬುದರ ಮೇಲೆ ಕೊನೆಯ ಹಂತದ ಅಳತೆಗಳು ಬದಲಾಗುತ್ತವೆ. ಮೃದ್ವಸ್ಥಿಯಾದರೆ ಕೋಶಗಳು ಎರಡನೆಯ ಬಗೆಯ ಕೊಲಾಜೆನನ್ನು ಎಷ್ಟು ತಯಾರಿಸಿವೆ, ಭಾರವನ್ನು ಎಷ್ಟು ತಾಳುತ್ತವೆ ಎಂಬುದು. ಕಣ್ಣಿನ ಕಾರ್ನಿಯವಾದರೆ ಎಲ್ಲಕ್ಕಿಂತ ಮೊದಲು ಪಾರದರ್ಶಕತೆ. ಹೊಲಿಗೆಯನ್ನು ತಾಳುವ ಬಲವೂ ಬೇಕು. 2022ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಅಲ್ಲಿನ ಐಐಟಿ ಮತ್ತು ಕೋಶೀಯ ಹಾಗೂ ಅಣುಜೀವವಿಜ್ಞಾನ ಕೇಂದ್ರಗಳ ವಿಜ್ಞಾನಿಗಳು ಮಾನವ ಕಾರ್ನಿಯದಿಂದಲೇ ಪಡೆದ ಕೋಶರಹಿತ ಜೆಲ್ ಮತ್ತು ಆಕರಕೋಶಗಳಿಂದ ಮುದ್ರಿಸಿದ ಕಾರ್ನಿಯವನ್ನು ಮೊಲದ ಕಣ್ಣಿಗೆ ಕಸಿ ಮಾಡಿದುದನ್ನು ಪ್ರಕಟಿಸಿದರು. ಇಂತಹ ಜೆಲ್ ಜಾಲರಿಯ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆಯುತ್ತದೆ ಎಂಬುದು ಗೌಣ. ಅದು ಕಣ್ಣಿನಲ್ಲಿ ತಿಳಿಯಾಗಿ ಉಳಿಯುವುದೇ ಎಂಬುದು ಮುಖ್ಯ.

ಯಕೃತ್ತಿನ ಪ್ರಶ್ನೆ ಇನ್ನೂ ಬೇರೆಯದು. ಬೆಂಗಳೂರಿನ ಪಂಡೋರಮ್ ಟೆಕ್ನಾಲಜೀಸ್ ಸಂಸ್ಥೆ 2015ರ ಡಿಸೆಂಬರಿನಲ್ಲಿ ಮುದ್ರಿತ ಯಕೃತ್ ಅಂಗಾಂಶವನ್ನು ಪ್ರಕಟಿಸಿದಾಗ ಅದರ ಒಂದು ಉದ್ದೇಶ ಔಷಧಗಳ ಪರೀಕ್ಷೆಯಾಗಿತ್ತು. 2022ರ ಡಿಸೆಂಬರಿನಲ್ಲಿ ಅಮೆರಿಕವು ಹೊಸ ಔಷಧಗಳಿಗೆ ಪ್ರಾಣಿಪ್ರಯೋಗ ಕಡ್ಡಾಯವೆಂಬ ನಿಯಮವನ್ನು ಕಾಯಿದೆಯ ಮೂಲಕ ಸಡಿಲಿಸಿ ಕೋಶಾಧಾರಿತ ಪರೀಕ್ಷೆಗಳಿಗೂ ಅವಕಾಶ ನೀಡಿತು. ಭಾರತವೂ 2023ರಲ್ಲಿ ತನ್ನ ನಿಯಮಗಳನ್ನು ಇದೇ ದಿಕ್ಕಿನಲ್ಲಿ ತಿದ್ದಿಕೊಂಡಿತು. ಅಂದಮೇಲೆ ಜೆಲ್‌ನ ಮೌಲ್ಯಮಾಪನದ ದೋಷ ಪ್ರಯೋಗಾಲಯದೊಳಗೆ ಉಳಿಯುವುದಿಲ್ಲ. ಒಂದು ಗ್ರಾಂ ನಿಜವಾದ ಯಕೃತ್ತಿನಲ್ಲಿ ಹತ್ತು ಕೋಟಿಗೂ ಮಿಕ್ಕಿ ಕೋಶಗಳಿವೆ. ಮುದ್ರಿತ ಜೆಲ್‌ನಲ್ಲಿ ಅದರ ಹತ್ತರಲ್ಲೊಂದು ಪಾಲಿದ್ದರೂ ಹೆಚ್ಚು. ದಪ್ಪವಾದ ತುಂಡಿನಲ್ಲಿ ಆಮ್ಲಜನಕ ಮೇಲ್ಮೈಯಿಂದ ಕೆಲವು ನೂರು ಮೈಕ್ರೊಮೀಟರಿನಾಚೆ ಸಾಕಷ್ಟು ತಲುಪುವುದಿಲ್ಲ. ಋಣಾವೇಶವುಳ್ಳ ಆಲ್ಜಿನೇಟ್ ಸರಪಳಿ ಧನಾವೇಶವುಳ್ಳ ಔಷಧದ ಅಣುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆಗ ಕೋಶಕ್ಕೆ ತಲುಪಿದ ಪ್ರಮಾಣ ಪರೀಕ್ಷಕನು ಹಾಕಿದ ಪ್ರಮಾಣಕ್ಕಿಂತ ಕಡಿಮೆಯಾಗಿ, ಯಕೃತ್ತಿಗೆ ಹಾನಿಮಾಡುವ ಔಷಧವೊಂದು ನಿರಪಾಯಕಾರಿಯೆಂದು ತೋರಬಹುದು. ಕೋಶರಹಿತ ಜೆಲ್‌ನಲ್ಲಿ ಔಷಧ ಎಷ್ಟು ಉಳಿದುಕೊಳ್ಳುತ್ತದೆ ಎಂದು ಮೊದಲೇ ಅಳೆದಿಟ್ಟರೆ ಈ ತಪ್ಪನ್ನು ಹಿಡಿಯಬಹುದು. ಅದಕ್ಕೆ ಬೇಕಾದದ್ದು ಒಂದು ಹೆಚ್ಚುವರಿ ತಟ್ಟೆ, ಒಂದು ದಿನದ ಕೆಲಸ.